ಹದಿನಾಲ್ಕನೆಯ ಕ್ಯಾಸೆಟ್ಟಿನ ಕೆಮ್ಮು

ಡಿಸ್ಪೆನ್ಸರಿ ಮುಚ್ಚಿ ಹನ್ನೊಂದು ವರ್ಷವಾಗಿದ್ದರೂ ಕಂಪೌಂಡರಮ್ಮನ ಮನೆಗೆ ಬಂದವರು ಕುರ್ಚಿಯಲ್ಲಿ ಕೂತ ಕೂಡಲೇ ನಾಲಿಗೆ ಚಾಚುತ್ತಿದ್ದರು. ಅಭ್ಯಾಸ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಮೂವತ್ತೆಂಟು ವರ್ಷ ಆಕೆ ಆ ಬೀದಿಗೆಲ್ಲ ಔಷಧಿ ಕಲಸಿ ಕೊಟ್ಟವರು. ಗಾಜಿನ ಬಾಟಲಿಯ ಮೈಗೆ ಕಚ್ಚು ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿ, ಬೆಳಿಗ್ಗೆ ಒಂದು ಕಚ್ಚು, ಸಂಜೆ ಒಂದು ಕಚ್ಚು ಎಂದು ಹೇಳಿ, ತಪ್ಪಿಸಿದರೆ ನನಗೆ ಗೊತ್ತಾಗುತ್ತದೆ ಎಂದು ಹೆದರಿಸಿ ಕಳಿಸುತ್ತಿದ್ದರು. ಅವರಿಗೆ ನಿಜವಾಗಿಯೂ ಗೊತ್ತಾಗುತ್ತಿತ್ತು. ಯಾರು ಔಷಧಿಯನ್ನು ಹೂವಿನ ಕುಂಡಕ್ಕೆ ಸುರಿಯುತ್ತಾರೆ, ಯಾರು ಇಲ್ಲದ ಹೊಟ್ಟೆನೋವು ಹೇಳಿಕೊಂಡು ರಜೆ ಚೀಟಿ ಬರೆಸಿಕೊಳ್ಳುತ್ತಾರೆ ಎಂಬುದನ್ನು ಮುಖ ನೋಡಿಯೇ ಹೇಳುತ್ತಿದ್ದರು. ನಿವೃತ್ತಿಯಾದ ಮೇಲೆ ಜನ ಕಾಯಿಲೆಯ ಬದಲು ಒಗಟುಗಳನ್ನು ಹೊತ್ತು ತರತೊಡಗಿದರು. ಕಾಣೆಯಾದ ಬೀಗದ ಕೈ, ಸಹಿ ಇಲ್ಲದ ಕಾಗದ, ಒಮ್ಮೆ ನಡುವೆ ಹರಿದುಹೋದ ಮದುವೆಯ ಫೋಟೊ. ಆಕೆ ಒಂದೊಂದಾಗಿ ಬಿಡಿಸಿದರು. ಅವನ್ನೆಲ್ಲ ಪಕ್ಕದಲ್ಲಿ ಕೂತು ನೋಡಿದವನು ಮಹಡಿಯ ಕೋಣೆಯ ಬಾಡಿಗೆದಾರ ಕರಡಣ್ಣ.

ಕರಡಣ್ಣ ಅಚ್ಚುಕೂಟವೊಂದರಲ್ಲಿ ಕರಡು ತಿದ್ದಿ ನಿವೃತ್ತನಾದವನು, ಹೆಸರು ಬಂದದ್ದು ಅಲ್ಲಿಂದಲೇ. ಬೀದಿಯ ಅಂಗಡಿಗಳ ಬೋರ್ಡಿನಲ್ಲಿ ಒಂದು ಕೊಂಬು ತಪ್ಪಿದ್ದರೂ ಅವನಿಗೆ ಊಟ ಸೇರುತ್ತಿರಲಿಲ್ಲ. ಈಗ ಆ ಮನೆಯಲ್ಲಿ ಬೇರೆ ಯಾರೋ ಇದ್ದಾರೆ, ಕಂಪೌಂಡರಮ್ಮ ತೀರಿಕೊಂಡು ಆರು ವರ್ಷವಾಯಿತು. ಆದರೂ ಸಂಜೆ ನಾಲ್ಕಾದರೆ ಅವನ ಕೈ ಚದುರಂಗದ ಕಾಯಿ ಹುಡುಕುತ್ತದೆ, ಮನಸ್ಸು ಯಾವುದಾದರೂ ಹಳೆಯ ಕೇಸಿನಲ್ಲಿ ಹೋಗಿ ಕೂರುತ್ತದೆ. ಹೆಚ್ಚಾಗಿ ಹೋಗಿ ಕೂರುವುದು ರೇಡಿಯೊ ಮಾವನ ಕೇಸಿನಲ್ಲಿ.

ಅದು ಕ್ಯಾಸೆಟ್ಟುಗಳ ಕಾಲ. ಆ ಮಧ್ಯಾಹ್ನ ಬಂದವಳು ನಾಲಿಗೆ ಚಾಚಲಿಲ್ಲ. ಕುರ್ಚಿಯ ಅಂಚಿನಲ್ಲಿ ಕೂತು, ಕೈಚೀಲದಿಂದ ಆಸ್ಪತ್ರೆಯ ಕಡತ ತೆಗೆದು ಮೇಜಿನ ಮೇಲಿಟ್ಟಳು. ಅವಳು ರೇಡಿಯೊ ಮಾವನ ಸೊಸೆ ಎಂದು ಗೊತ್ತಾದ ಕೂಡಲೇ ಕರಡಣ್ಣ ಚದುರಂಗದ ಹಲಗೆಯನ್ನು ಪಕ್ಕಕ್ಕೆ ಸರಿಸಿದ. ರೇಡಿಯೊ ಮಾವ ಅಂದರೆ ಸುಮ್ಮನೆಯೇ? ಮೂವತ್ತನಾಲ್ಕು ವರ್ಷ ಬೆಳಗಿನ ಏಳು ಗಂಟೆ ಐದು ನಿಮಿಷದ ವಾರ್ತೆ ಓದಿದ ಧ್ವನಿ ಅದು. ಅಚ್ಚುಕೂಟದಲ್ಲಿ ಆ ಹತ್ತು ನಿಮಿಷ ಯಂತ್ರ ನಿಲ್ಲಿಸಿ ಎಲ್ಲರೂ ಕೇಳುತ್ತಿದ್ದರು. ಮೈಕಿನ ಮುಂದೆ ಆ ಮನುಷ್ಯ ಒಮ್ಮೆಯೂ ಕೆಮ್ಮಿದವರಲ್ಲ, ಕೆಮ್ಮು ಬಂದರೆ ಅಂಗೈಗೆ ಉಗುರು ಒತ್ತಿ ತಡೆಯುತ್ತಾರೆ ಎಂದು ಜನ ಆಡಿಕೊಳ್ಳುತ್ತಿದ್ದರು.

"ಮಾವನ ಕಿಡ್ನಿ ಹಾಳಾಗ್ತಾ ಇದೆ," ಅಂದಳು ಸೊಸೆ. "ಹೀಗೇ ಹೋದರೆ ಕೆಲವೇ ವರ್ಷದಲ್ಲಿ ರಕ್ತ ತೊಳೆಯೋ ಯಂತ್ರಕ್ಕೆ ಹಾಕಬೇಕಾಗುತ್ತೆ ಅಂದರು ಡಾಕ್ಟರು. ಯಾಕೆ ಅಂತ ಅವರಿಗೂ ಗೊತ್ತಾಗ್ತಿಲ್ಲ. ಮನೆಯಲ್ಲಿ ಮಾತ್ರ ಎಲ್ಲರೂ ನನ್ನನ್ನೇ ನೋಡ್ತಿದ್ದಾರೆ."

ಕಂಪೌಂಡರಮ್ಮ ಕಡತ ಬಿಡಿಸಿ ಒಂದೊಂದೇ ಹಾಳೆ ತಿರುವಿ ಕೇಳುತ್ತ ಹೋದರು, ಅವಳು ಹೇಳುತ್ತ ಹೋದಳು. ಮಾವನಿಗೆ ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. ಒಂದೂವರೆ ವರ್ಷದ ಹಿಂದೆ ಮೂತ್ರದಲ್ಲಿ ಪ್ರೋಟೀನು ಸೋರುತ್ತಿರುವುದು ಪರೀಕ್ಷೆಯಲ್ಲಿ ಕಂಡಿತು, ಅಂಕಿ ನಾನೂರ ಇಪ್ಪತ್ತು. ಕಿಡ್ನಿ ಡಾಕ್ಟರು ಹೊಸದೊಂದು ಬಿಪಿ ಮಾತ್ರೆ ಬರೆದುಕೊಟ್ಟು, ಏನೇ ಆದರೂ ಇದನ್ನು ನಿಲ್ಲಿಸಬೇಡಿ ಅಂದರು. ಆರು ತಿಂಗಳಲ್ಲಿ ಅಂಕಿ ನೂರ ಅರವತ್ತಕ್ಕೆ ಇಳಿಯಿತು, ಮನೆಯವರು ನಿಶ್ಚಿಂತರಾದರು. ಆಮೇಲೆ ಒಂದು ವರ್ಷ ಯಾರೂ ಆ ಪರೀಕ್ಷೆಯ ಗೋಜಿಗೆ ಹೋಗಲಿಲ್ಲ. ಹೋದ ವಾರ ಮಾಡಿಸಿದರೆ ಆರುನೂರ ಹತ್ತು.

ವಿಚಿತ್ರವೆಂದರೆ ಬಿಪಿ ಅಚ್ಚುಕಟ್ಟಾಗಿತ್ತು, ಸಕ್ಕರೆಯೂ ಹತೋಟಿಯಲ್ಲಿತ್ತು. ಬಿಪಿ ಸರಿ ಇದೆ ಅಂದಮೇಲೆ ಮಾತ್ರೆ ತಪ್ಪಿಲ್ಲ, ಹಾಗಾದರೆ ಇನ್ನೇನೋ ಹೊಟ್ಟೆಗೆ ಹೋಗುತ್ತಿದೆ, ನೋವಿನ ಮಾತ್ರೆ ಏನಾದರೂ ಕೊಡುತ್ತಿದ್ದೀರಾ ಎಂದು ಡಾಕ್ಟರು ಕೇಳಿದರು. ಕೆಲವು ನೋವಿನ ಮಾತ್ರೆಗಳು ಕಿಡ್ನಿಯನ್ನು ತಿಂದುಹಾಕುತ್ತವಂತೆ. ಗೂಡ್ಸ್ ರೈಲಿನ ಗಾರ್ಡ್ ಆಗಿದ್ದ ಮಗ, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿರುವವನು, ಮನೆಗೆ ಬಂದವನೇ ಡ್ರಾಯರುಗಳನ್ನೆಲ್ಲ ಎಳೆದು ನೋಡಿದ. ಹೆಂಡತಿಯ ಡ್ರಾಯರಿನಲ್ಲಿ ನೋವಿನ ಮಾತ್ರೆಯ ಪಟ್ಟಿ ಸಿಕ್ಕಿತು. ಬೆನ್ನುನೋವಿಗೆ ತಂದದ್ದು ಎಂದು ಅವಳು ಹೇಳಿದಳು. ಅವನು ನಂಬಿದನೋ ಇಲ್ಲವೋ, ಪೆಟ್ಟಿಗೆ ಎತ್ತಿಕೊಂಡು ಡ್ಯೂಟಿಗೆ ಹೋದ.

"ವಾರದ ಮಾತ್ರೆ ಡಬ್ಬಿ ತುಂಬೋದು ನಾನೇ," ಅಂದಳು ಸೊಸೆ. "ನೀಲಿ ಡಬ್ಬಿ ಮಾವನದು, ಹಸಿರು ಡಬ್ಬಿ ಅವರ ಅಕ್ಕನದು, ಅವರಿಗೂ ಬಿಪಿ. ನಾನು ತಪ್ಪು ಮಾಡಿದ್ದರೆ ಅದನ್ನೇ ಹೇಳಿ, ಒಪ್ಕೋತೀನಿ. ಆದರೆ ಏನು ಅಂತ ಗೊತ್ತಾಗಲಿ. ಮೊದಲು ಅವರ ಕಿಡ್ನಿ ಉಳೀಲಿ."

ಮರುದಿನ ಬೆಳಿಗ್ಗೆ ಇಬ್ಬರೂ ಆ ಮನೆಗೆ ಹೋದರು. ರೇಡಿಯೊ ಮಾವ ನಿವೃತ್ತಿಯಾದ ಮೇಲೂ ಸುಮ್ಮನೆ ಕೂತಿರಲಿಲ್ಲ. ಕಣ್ಣಿಲ್ಲದ ಮಕ್ಕಳ ಶಾಲೆಯೊಂದಕ್ಕೆ ಪುಸ್ತಕಗಳನ್ನು ಓದಿ ಕ್ಯಾಸೆಟ್ ಮಾಡಿಕೊಡುತ್ತಿದ್ದರು. ಹಿಂದಿನ ಚಿಕ್ಕ ಕೋಣೆಯ ಗೋಡೆಗಳಿಗೆಲ್ಲ ಹಳೆಯ ರಜಾಯಿಗಳನ್ನು ತೂಗುಹಾಕಿ ಸದ್ದು ಅಡಗಿಸಿದ್ದರು. ಮೇಜಿನ ಒಂದು ಬದಿಗೆ ಅವರು ಮತ್ತು ಮೈಕು, ಇನ್ನೊಂದು ಬದಿಗೆ ರೆಕಾರ್ಡರ್ ಮತ್ತು ಅಕ್ಕ. ಗುಂಡಿ ಒತ್ತುವುದು, ತಪ್ಪಿದರೆ ಹಿಂದಕ್ಕೆ ಸುತ್ತಿ ಅಳಿಸುವುದು, ಕ್ಯಾಸೆಟ್ಟಿನ ಮೇಲೆ ತಾರೀಖು ಬರೆಯುವುದು ಎಲ್ಲ ಅಕ್ಕನ ಕೆಲಸ. ಒಂದು ದೊಡ್ಡ ಸಮುದ್ರಯಾನದ ಕತೆ ನಡೆಯುತ್ತಿತ್ತು, ಇಪ್ಪತ್ತೆರಡು ಕ್ಯಾಸೆಟ್ ಮುಗಿದಿದ್ದವು.

ಅಕ್ಕ ಇಪ್ಪತ್ತನಾಲ್ಕಕ್ಕೆ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವರು, ತಮ್ಮನ ಹೆಂಡತಿ ಹೋದಮೇಲೆ ಮಗನನ್ನು ಬೆಳೆಸಿದವರು. ಚಿಕ್ಕಂದಿನಲ್ಲಿ ಇಬ್ಬರಿಗೂ ಒಂದೇ ಸ್ಲೇಟು, ಒಂದೇ ಹೊದಿಕೆ, ಬಳಪವನ್ನು ಹಲ್ಲಿನಲ್ಲಿ ಕಚ್ಚಿ ಎರಡು ಮಾಡುತ್ತಿದ್ದೆವು ಎಂದು ಅವರು ನಗುತ್ತ ಹೇಳಿದಾಗ ಕರಡಣ್ಣನಿಗೆ ತನ್ನ ಅಕ್ಕನ ನೆನಪು ಬಂತು. ಈಗಲೂ ಹಾಗೆಯೇ ಅಂತೆ. ಮಾವನ ಕಾಲಲ್ಲಿ ಅಕ್ಕನ ಅಗಲ ಪಟ್ಟಿಯ ಕಂದು ಚಪ್ಪಲಿಯಿತ್ತು, ಅಕ್ಕನ ಕಾಲಲ್ಲಿ ಅವರದೇ ಹಳೆಯ ಕಪ್ಪು ಶೂ.

"ಅವನದು ಅವನಿಗೆ ಬಿಗಿಯಾಯ್ತು, ನನ್ನದು ನನಗೆ ಸಡಿಲವಾಯ್ತು," ಅಂದರು ಅಕ್ಕ. "ಹಾಗಾಗಿ ನನ್ನ ಚಪ್ಪಲಿನ ಅವನಿಗೆ ಕೊಟ್ಟೆ."

ಮೊದಲೆಲ್ಲ ಅಕ್ಕ ಓದಿನ ಹೊತ್ತಿನಲ್ಲಿ ಊದಿದ ಕಾಲನ್ನು ಒಂದು ಸ್ಟೂಲಿನ ಮೇಲೆ ಎತ್ತಿಡುತ್ತಿದ್ದರೆಂದು ಸೊಸೆ ಹೇಳಿದಳು. ಆ ಸ್ಟೂಲು ಮೂಲೆಯಲ್ಲಿತ್ತು, ಅದರ ಮೇಲೆ ಪತ್ರಿಕೆಗಳನ್ನು ಪೇರಿಸಿದ್ದರು. ಕಂಪೌಂಡರಮ್ಮ ಪತ್ರಿಕೆಯ ತಾರೀಖು ನೋಡಿದರು. ಆಮೇಲೆ ಅಕ್ಕನ ನೋಟುಪುಸ್ತಕ ಕೇಳಿದರು. ಪಾದರಸದ ಯಂತ್ರದಲ್ಲಿ ಬಿಪಿ ನೋಡುವುದನ್ನು ಅಕ್ಕನಿಗೆ ಕಲಿಸಿದವರು ಕಂಪೌಂಡರಮ್ಮನೇ. ಅಕ್ಕ ದಿನಾ ಬೆಳಿಗ್ಗೆ ತಮ್ಮನ ತೋಳಿಗೆ ಪಟ್ಟಿ ಕಟ್ಟಿ, ಅಂಕಿ ಬರೆದು, ಎರಡು ಬಸಿಗಳಲ್ಲಿ ಇಬ್ಬರ ಮಾತ್ರೆ ಇಟ್ಟು, ಒಂದನ್ನು ತಮ್ಮನ ಮುಂದೆ ಸರಿಸುತ್ತಿದ್ದರು. ಮಾವ ಪತ್ರಿಕೆಯಿಂದ ಕಣ್ಣೆತ್ತದೆ ನುಂಗುತ್ತಿದ್ದರು. ಒಂದೂವರೆ ವರ್ಷದಲ್ಲಿ ಅಂಕಿ ಎಲ್ಲಿಯೂ ಏರಿರಲಿಲ್ಲ. ನೋವಿನ ಮಾತ್ರೆಯ ಪಟ್ಟಿಯಲ್ಲಿ ಹತ್ತಕ್ಕೆ ಏಳು ಉಳಿದಿದ್ದವು.

"ಮೂರು ಮಾತ್ರೆಯಿಂದ ಇಷ್ಟೆಲ್ಲ ಆಗಲ್ಲ," ಎಂದು ಕಂಪೌಂಡರಮ್ಮ ಹೊರಗೆ ಬಂದಮೇಲೆ ಹೇಳಿದರು. "ಕರಡಣ್ಣ, ನಿಮಗೊಂದು ಕೆಲಸ. ಈ ಇಪ್ಪತ್ತೆರಡು ಕ್ಯಾಸೆಟ್ಟನ್ನೂ ಪುಸ್ತಕ ಎದುರಿಗಿಟ್ಟುಕೊಂಡು ಕೇಳಿ. ಅಕ್ಷರ ತಪ್ಪಿದರೂ ಬರೀರಿ, ಉಸಿರು ತಪ್ಪಿದರೂ ಬರೀರಿ."

ಕರಡಣ್ಣನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಐದು ದಿನ ಅವನು ಕೋಣೆಯಿಂದ ಹೊರಗೆ ಬರಲಿಲ್ಲ. ಆ ಧ್ವನಿ ಹಡಗನ್ನು ನಡೆಸಿತು, ಬಿರುಗಾಳಿ ಎಬ್ಬಿಸಿತು. ನಡುನಡುವೆ ಅವನಿಗೆ ಅಚ್ಚುಕೂಟದ ಬೆಳಗುಗಳು, ಮಸಿಯ ವಾಸನೆ, ಈಗ ಇಲ್ಲದ ಗೆಳೆಯರು ಎಲ್ಲ ನೆನಪಾಗಿ ಕನ್ನಡಕ ತೆಗೆದು ಒರೆಸಿಕೊಳ್ಳಬೇಕಾಯಿತು. ಆದರೂ ಪಟ್ಟಿ ಬರೆದ. ಮೊದಲ ಮೂರು ಕ್ಯಾಸೆಟ್ಟು ಶುದ್ಧ. ನಾಲ್ಕರಿಂದ ಹನ್ನೊಂದರವರೆಗೆ ಒಣಕೆಮ್ಮು ಅಳಿಸಿ ಮುಗಿಯದಷ್ಟು ಹೆಚ್ಚುತ್ತ ಹೋಗುತ್ತದೆ. ಓದು ಮುರಿಯುತ್ತದೆ, ಗುಂಡಿಯ ಟಕ್ಕೆಂಬ ಸದ್ದು ಕೇಳುತ್ತದೆ, ವಾಕ್ಯ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಹನ್ನೆರಡು ಮತ್ತು ಹದಿಮೂರು ಮತ್ತೆ ಶುದ್ಧ. ಹದಿನಾಲ್ಕರಿಂದ ಕೊನೆಯವರೆಗೆ ಅಲ್ಲಲ್ಲಿ ಮೆಲ್ಲನೆಯ ಕೆಮ್ಮು. ಅದರ ಎದುರಿಗೆ ಕರಡಣ್ಣ ಹೀಗೆ ಬರೆದಿದ್ದ: 'ಕೆಮ್ಮು ಇದೆ, ವಾಕ್ಯ ನಿಂತಿಲ್ಲ. ತಿದ್ದಬೇಕಿಲ್ಲ.'

ಕಂಪೌಂಡರಮ್ಮ ಆ ಸಾಲನ್ನು ಎರಡು ಸಲ ಓದಿದರು.

"ಕೇಸು ಬಿಡಿಸಿ, ಪಕ್ಕದಲ್ಲೇ ತಿದ್ದಬೇಕಿಲ್ಲ ಅಂತ ಬರೆದಿದ್ದೀರಲ್ಲ ಮಾರಾಯರೇ," ಅಂದರು.

ಕರಡಣ್ಣನಿಗೆ ತಲೆಬುಡ ಅರ್ಥವಾಗಲಿಲ್ಲ. ಕೇಳಿದರೆ ಆಕೆ ಹೇಳುವವರೂ ಅಲ್ಲ. ಅವನನ್ನು ಕರೆದುಕೊಂಡು ಬೀದಿಯ ಕೊನೆಯ ಔಷಧಿ ಅಂಗಡಿಗೆ ಹೋದರು. ಸೊಸೆ ನೋವಿನ ಮಾತ್ರೆ ಕೊಂಡದ್ದು ಅದೊಂದೇ ಪಟ್ಟಿ ಎಂದು ಅಂಗಡಿಯವನು ನೆನಪಿಸಿಕೊಂಡ. ಅಕ್ಕ ಬರುವುದು ಹೆಚ್ಚಾಗಿ ಕೆಮ್ಮಿನ ಸಿರಪ್ಪಿಗೆ. ತಮ್ಮನಿಗೆಂದು ಸಾಲಾಗಿ ಬಾಟಲಿ ಒಯ್ದರು, ಯಾವುದೂ ನಾಟಲಿಲ್ಲ. ಏಳೆಂಟು ತಿಂಗಳ ಹಿಂದೆ ಒಂದು ದಿನ ತಮ್ಮನ ಮಾತ್ರೆ ಪೊಟ್ಟಣದೊಳಗಿನ ಚೀಟಿ ತಂದು, ಅಕ್ಷರ ಸಣ್ಣದು, ಓದಿ ಹೇಳಪ್ಪ ಎಂದು ಕೂತುಬಿಟ್ಟರಂತೆ, ಅವನು ಪೂರ್ತಿ ಓದಿ ಹೇಳಿದನಂತೆ. ಆಮೇಲೆ ಎರಡು ತಿಂಗಳು ಸಿರಪ್ಪಿಗೆ ಬರಲಿಲ್ಲ, ಮತ್ತೆ ಬರತೊಡಗಿದರು. ಈ ಸಲ ಯಾರಿಗೆ ಎಂದು ಅವನು ಕೇಳಿರಲಿಲ್ಲ.

ಆ ಭಾನುವಾರ ಬೆಳಿಗ್ಗೆ ರಜಾಯಿ ಹೊದ್ದ ಆ ಚಿಕ್ಕ ಕೋಣೆಯಲ್ಲಿ ಎಲ್ಲರೂ ಸೇರಿದರು. ರೇಡಿಯೊ ಮಾವ ತಮ್ಮ ಜಾಗದಲ್ಲಿ, ಅಕ್ಕ ತಮ್ಮ ಜಾಗದಲ್ಲಿ. ಸೊಸೆ ಬಾಗಿಲಿಗೆ ಒರಗಿ ನಿಂತಿದ್ದಳು, ಡ್ಯೂಟಿ ಮುಗಿಸಿ ಬಂದ ಮಗ ಅವಳಿಂದ ಒಂದು ಮಾರು ದೂರದಲ್ಲಿದ್ದ. ಕಿಡ್ನಿ ಡಾಕ್ಟರೂ ಬಂದಿದ್ದರು. ಚಿಕ್ಕಂದಿನಲ್ಲಿ ಅದೇ ಡಿಸ್ಪೆನ್ಸರಿಯ ಕಹಿ ಔಷಧಿ ಕುಡಿದು ಬೆಳೆದವರು, ಕಂಪೌಂಡರಮ್ಮ ಕರೆದರೆ ಬರದಿರುವ ಧೈರ್ಯ ಅವರಿಗಿರಲಿಲ್ಲ.

ಕಂಪೌಂಡರಮ್ಮ ಮೊದಲು ಸೊಸೆಯ ವಿಷಯ ಮುಗಿಸಿದರು. ಹತ್ತರಲ್ಲಿ ಏಳು ಮಾತ್ರೆ ಪಟ್ಟಿಯಲ್ಲೇ ಇವೆ, ಬೇರೆ ಪಟ್ಟಿ ಅವಳು ಕೊಂಡಿಲ್ಲ. ಡಬ್ಬಿಗಳನ್ನು ನಾನೇ ಬಿಚ್ಚಿ ನೋಡಿದ್ದೇನೆ, ನೀಲಿಯಲ್ಲಿ ನೀಲಿಯದೇ, ಹಸಿರಿನಲ್ಲಿ ಹಸಿರಿನದೇ ಇದೆ. ಮಗ ತಲೆ ತಗ್ಗಿಸಿದ. ಹಾಗಾದರೆ ತಪ್ಪು ನಡೆದದ್ದು ಡಬ್ಬಿಗೂ ಬಾಯಿಗೂ ನಡುವೆ, ಎಂದು ಹೇಳಿ ಆಕೆ ರೆಕಾರ್ಡರಿಗೆ ಹನ್ನೊಂದನೆಯ ಕ್ಯಾಸೆಟ್ ಹಾಕಿದರು. ಕೆಮ್ಮಿಗೆ ವಾಕ್ಯ ತುಂಡಾಯಿತು. ಆಮೇಲೆ ಹದಿನಾಲ್ಕನೆಯದನ್ನು ಹಾಕಿದರು. ಹಡಗು ಬಂದರು ಬಿಡುತ್ತಿತ್ತು, ಧ್ವನಿ ಎಲ್ಲಿಯೂ ಎಡವದೆ ಹೋಗುತ್ತಿತ್ತು. ಅದರ ಹಿಂದೆ ಬಾಯಿಗೆ ಬಟ್ಟೆ ಒತ್ತಿ ಕೆಮ್ಮಿದ ಸದ್ದು ಕೇಳಿಸಿತು.

"ಓದುತ್ತ ಓದುತ್ತಲೇ ಕೆಮ್ಮೋದು ಯಾರಿಂದಲೂ ಆಗಲ್ಲ," ಅಂದರು ಕಂಪೌಂಡರಮ್ಮ. "ಈ ಕೆಮ್ಮು ಮೈಕಿನ ಆ ಕಡೆಯದಲ್ಲ, ಈ ಕಡೆಯದು. ಕೋಣೆಯಲ್ಲಿ ಇರೋದು ಇಬ್ಬರೇ."

ಆಕೆ ನಿಧಾನವಾಗಿ ಮುಂದುವರಿಸಿದರು. ಡಾಕ್ಟರು ತಮ್ಮನಿಗೆ ಕೊಟ್ಟ ಮಾತ್ರೆ ಕೆಲವರಿಗೆ ಒಣಕೆಮ್ಮು ತರಿಸುತ್ತದೆ, ಪೊಟ್ಟಣದ ಚೀಟಿಯಲ್ಲೇ ಅದು ಅಚ್ಚಾಗಿದೆ. ಅಕ್ಕ ನುಂಗುತ್ತಿದ್ದ ಬಿಪಿ ಮಾತ್ರೆ ಬೇರೆ ಜಾತಿಯದು, ಅದು ಕೆಲವರ ಕಾಲು ಊದಿಸುತ್ತದೆ. ಏಳು ತಿಂಗಳ ಹಿಂದೆ ತಮ್ಮನ ಕೆಮ್ಮು ನಿಂತು ಕಾಲು ಊದಿತು, ಅಕ್ಕನ ಕಾಲು ಇಳಿದು, ಎರಡು ತಿಂಗಳಲ್ಲಿ ಕೆಮ್ಮು ಶುರುವಾಯಿತು. ಚಪ್ಪಲಿ ಬದಲಾಯಿತು, ಸ್ಟೂಲಿನ ಮೇಲೆ ಪತ್ರಿಕೆ ಕೂತಿತು. ಪೇರಿಸಿದ ಪತ್ರಿಕೆಗಳಲ್ಲಿ ಅಡಿಯದು ಆರೂವರೆ ತಿಂಗಳು ಹಳೆಯದು. ಎರಡೂ ಬಿಪಿ ಮಾತ್ರೆಯೇ ಆದ್ದರಿಂದ ಬಿಪಿ ಮಾತ್ರ ಇಬ್ಬರಿಗೂ ಚೆನ್ನಾಗಿಯೇ ಇತ್ತು, ಹಾಗಾಗಿ ಯಾರಿಗೂ ಸಂಶಯ ಬರಲಿಲ್ಲ.

ಅಕ್ಕ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಮುಚ್ಚಿಡುವ ಯತ್ನವನ್ನೇ ಮಾಡಲಿಲ್ಲ.

"ಬದಲಾಯಿಸಿದ್ದು ನಾನೇ," ಅಂದರು. "ಕೆಮ್ಮಿನಿಂದ ಅವನಿಗೆ ಒಂದು ಪುಟ ಓದೋಕಾಗ್ತಿರಲಿಲ್ಲ. ಶಾಲೆಗೆ ಕಾಗದ ಬರೆದು ಓದೋದು ಬಿಡ್ತೀನಿ ಅಂದ. ಓದೋದು ಬಿಟ್ಟರೆ ಅವನಲ್ಲಿ ಇನ್ನೇನು ಉಳಿಯುತ್ತೆ? ಮಾತ್ರೆ ನಿಲ್ಲಿಸಬಾರದು ಅಂದಿದ್ದರು ಡಾಕ್ಟರು, ನಾನು ನಿಲ್ಲಿಸಲಿಲ್ಲ. ಬಸಿಗೆ ಹಾಕುವಾಗ ಅವನ ಬಿಪಿ ಮಾತ್ರೆಯನ್ನ ನಾನು ತಗೊಂಡೆ, ನನ್ನದನ್ನ ಅವನಿಗೆ ಕೊಟ್ಟೆ. ದಿನಾ ಬಿಪಿ ನೋಡ್ತಿದ್ದೆ. ಸರಿಯಾಗಿತ್ತು. ಅದಕ್ಕೂ ಕಿಡ್ನಿಗೂ ಏನು ಸಂಬಂಧ ಅಂತ ನನಗೆ ಈಗಲೂ ಗೊತ್ತಿಲ್ಲ."

ಪಾದರಸ ಎಲ್ಲಿ ನಿಲ್ಲುತ್ತದೋ ಅದೊಂದನ್ನು ನೋಡಿಕೋ ಎಂದು ನಾನೇ ಕಲಿಸಿದ್ದೆ, ಆ ತಪ್ಪು ನನ್ನದು, ಎಂದು ಕಂಪೌಂಡರಮ್ಮ ಒಪ್ಪಿಕೊಂಡರು. ಆಕೆ ತಪ್ಪೊಪ್ಪಿಕೊಂಡದ್ದನ್ನು ಕರಡಣ್ಣ ನೋಡಿದ್ದು ಅದೊಂದೇ ಸಲ. ಆಮೇಲೆ ಆಕೆ ತನ್ನ ಕಸುಬಿನ ಭಾಷೆಯಲ್ಲಿ ಬಿಡಿಸಿ ಹೇಳಿದರು. ಔಷಧಿಯನ್ನು ಬಟ್ಟೆಯಲ್ಲಿ ಸೋಸುವಾಗ ತಾನಾಗಿ ಇಳಿಯಲು ಬಿಟ್ಟರೆ ತಿಳಿ ಇಳಿಯುತ್ತದೆ, ಗಸಿ ಮೇಲೆ ಉಳಿಯುತ್ತದೆ. ಒತ್ತಿ ಹಿಂಡಿದರೆ ಗಸಿಯೂ ಇಳಿಯುತ್ತದೆ, ಕೊನೆಗೆ ಬಟ್ಟೆಯೂ ಹರಿಯುತ್ತದೆ. ಕಿಡ್ನಿಯೊಳಗೆ ಅಂಥ ಸಣ್ಣ ಜಾಲರಿಗಳು ಲಕ್ಷಗಟ್ಟಲೆ ಇವೆ, ಸಕ್ಕರೆ ಕಾಯಿಲೆಯವರಲ್ಲಿ ಅವುಗಳ ಮೇಲೆ ಒತ್ತಡ ಹೆಚ್ಚು. ಅಕ್ಕನ ಮಾತ್ರೆ ಮೈಯ ಒತ್ತಡ ಇಳಿಸುತ್ತದೆ, ಜಾಲರಿಯ ಒಳಗಿನ ಹಿಂಡುವಿಕೆಗೆ ಅಷ್ಟಾಗಿ ತಟ್ಟುವುದಿಲ್ಲ. ತಮ್ಮನ ಮಾತ್ರೆ ಜಾಲರಿಯಿಂದ ರಕ್ತ ಹೊರಗೆ ಹೋಗುವ ಕೊಳವೆಯನ್ನೂ ಸಡಿಲಿಸಿ ಆ ಹಿಂಡುವಿಕೆಯನ್ನೇ ಕಡಿಮೆ ಮಾಡುತ್ತದೆ.

"ನಾನು ಅದನ್ನ ಕೊಟ್ಟಿದ್ದು ಬಿಪಿಗಿಂತ ಹೆಚ್ಚಾಗಿ ಕಿಡ್ನಿ ಕಾಯೋದಕ್ಕೆ," ಅಂದರು ಡಾಕ್ಟರು. "ಬಿಡಿಸಿ ಹೇಳಬೇಕಿತ್ತು, ಹೇಳಲಿಲ್ಲ. ಅದಿರಲಿ, ಕೆಮ್ಮಿನ ವಿಷಯ ನನಗೆ ಯಾಕೆ ಹೇಳಲಿಲ್ಲ? ಅದೇ ಕೆಲಸ ಮಾಡೋ, ಕೆಮ್ಮು ಅಷ್ಟಾಗಿ ತರಿಸದ ಮಾತ್ರೆ ಇದೆ. ಒಂದು ಮಾತು ಹೇಳಿದ್ದರೆ ಅವತ್ತೇ ಬದಲಾಯಿಸ್ತಿದ್ದೆ."

ಎಲ್ಲರೂ ರೇಡಿಯೊ ಮಾವನ ಕಡೆ ತಿರುಗಿದರು. ಅವರು ತಮ್ಮ ಅಂಗೈಯನ್ನು ನೋಡಿಕೊಳ್ಳುತ್ತಿದ್ದರು. ಆಸ್ಪತ್ರೆಯ ಕೋಣೆಗೆ ಹೋದಾಗಲೆಲ್ಲ, ಡಾಕ್ಟರ ಎದುರು ಕೂತಷ್ಟು ಹೊತ್ತು, ಅವರು ಕೆಮ್ಮನ್ನು ತಡೆದು ಹಿಡಿದಿದ್ದರು. ಬೇಕೆಂದು ಮಾಡಿದ್ದಲ್ಲ. ಹೊರಗಿನವರ ಮುಂದೆ ಮಾತಾಡುವಾಗ ಕೆಮ್ಮುವುದು ಆ ಮನುಷ್ಯನಿಗೆ ಗೊತ್ತೇ ಇರಲಿಲ್ಲ. ಕೇಳಿದ್ದಕ್ಕೆಲ್ಲ ವಾರ್ತೆಯ ಧ್ವನಿಯಲ್ಲಿ, ಚೆನ್ನಾಗಿದ್ದೇನೆ ಎಂದು ಹೇಳಿ ಎದ್ದು ಬಂದಿದ್ದರು.

ಡಾಕ್ಟರು ಅಲ್ಲಿಯೇ ಹೊಸ ಚೀಟಿ ಬರೆದರು. ಎರಡು ವಾರಕ್ಕೊಮ್ಮೆ ರಕ್ತ ನೋಡಬೇಕು, ಅಕ್ಕ ಹಸಿರು ಡಬ್ಬಿಯ ಮಾತ್ರೆಯನ್ನೇ ತೆಗೆದುಕೊಳ್ಳಬೇಕು, ಕಾಲು ಊದಿದರೆ ಬಂದು ಹೇಳಬೇಕು. ಸೋರಿಕೆ ಇಳಿಯುತ್ತದೆ, ಈಗಾಗಲೇ ಹರಿದ ಜಾಲರಿ ಮಾತ್ರ ಮತ್ತೆ ಹೆಣೆದುಕೊಳ್ಳುವುದಿಲ್ಲ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಅವರ ಮಾತು ನಿಜವಾಯಿತು. ಮೂರು ತಿಂಗಳಿಗೆ ಅಂಕಿ ಇನ್ನೂರ ಮೂವತ್ತಕ್ಕೆ ಬಂತು, ರೇಡಿಯೊ ಮಾವ ರಕ್ತ ತೊಳೆಯುವ ಯಂತ್ರದ ಮುಖ ನೋಡದೆ ಇನ್ನೂ ಒಂಬತ್ತು ವರ್ಷ ಓದಿದರು. ಆದರೆ ಆ ಬೆಳಿಗ್ಗೆ ಅದೊಂದೂ ಯಾರಿಗೂ ಗೊತ್ತಿರಲಿಲ್ಲ.

ಅಕ್ಕ ಎದ್ದು ಬಾಗಿಲ ಬಳಿ ಹೋಗಿ ಸೊಸೆಯ ಕೈ ಹಿಡಿದುಕೊಂಡರು. ಡಬ್ಬಿ ತುಂಬುವುದರಲ್ಲಿ ನೀನೇ ಎಡವಿರಬೇಕು ಅಂತ ನಾನೂ ಅಂದುಕೊಂಡಿದ್ದೆ ಮಗಳೇ, ಎಂದು ಅವರು ಹೇಳಿದರು. ಮಗ ಹೆಂಡತಿಯ ಪಕ್ಕಕ್ಕೆ ಬಂದು ನಿಂತ. ಸೊಸೆ ಅವನ ಕಡೆ ನೋಡಲಿಲ್ಲ, ಅಕ್ಕನ ಕೈಯನ್ನು ಬಿಡಲೂ ಇಲ್ಲ.

ರೇಡಿಯೊ ಮಾವ ಕೈ ಚಾಚಿ ಹದಿನಾಲ್ಕನೆಯ ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ, ಮತ್ತೊಮ್ಮೆ ಹಾಕಿದರು. ಅವರದೇ ಧ್ವನಿ, ಅದರ ಹಿಂದೆ ಬಟ್ಟೆಯಲ್ಲಿ ಮುಚ್ಚಿದ ಆ ಸದ್ದು. ಇನ್ನೊಂದು ಸಲ ಕೇಳಿದರು. ಕರಡಣ್ಣ ಜೀವಮಾನವಿಡೀ ಕೇಳಿದ ಆ ಧ್ವನಿ ಮೊದಲ ಸಲ ಮುರಿದು ಬಂತು.

"ಅಕ್ಕಾ, ಇಷ್ಟು ತಿಂಗಳು ನನ್ನ ಎದುರಿಗೇ ಕೂತು ಕೆಮ್ಮಿದ್ದೀಯಲ್ಲೇ. ಏನಾಯ್ತು ಅಂತ ನಾನು ಒಂದು ದಿನ ಕೇಳಲಿಲ್ಲ."

"ನೀನು ಓದ್ತಿದ್ದೆ ಕಣೋ," ಅಂದರು ಅಕ್ಕ. "ಓದುವಾಗ ನಿನಗೆ ಯಾವತ್ತು ಏನು ಕೇಳಿಸಿದೆ?"